ಹೆಸರಿನ ಮೂಲ, ಮನೆತನದ ಮೂಲ: ಮುಧೋಳದ ‘ಘೋರ್ಪಡೆ’ ಅಡ್ಡಹೆಸರನ್ನು ಕುರಿತು

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ಪರಿಸರದಿಂದ ಬರುವ ವಿದ್ಯಾರ್ಥಿಗಳಿಗೆ ನಾಮವಿಜ್ಞಾನದ ಪಾಠವನ್ನು ಆರಂಭಿಸಿದ ಮೊದಲ ವಾರದಲ್ಲಿಯೇ ನಾವು ಒಂದು ಪ್ರಶ್ನೆಯನ್ನು ಎದುರಿಸುತ್ತೇವೆ: ‘ನಮ್ಮ ಅಡ್ಡಹೆಸರಿನ ಅರ್ಥವೇನು? ನಮ್ಮ ಹಿರಿಯರು ಎಲ್ಲಿಂದ ಬಂದವರು?’ ಕೇಳುವವರಿಗೆ ಇದು ಒಂದೇ ಪ್ರಶ್ನೆ. ಹೆಸರಿನ ಅರ್ಥ ತಿಳಿದರೆ ಮೂಲದ ಊರು ತಿಳಿಯುತ್ತದೆ, ಊರು ತಿಳಿದರೆ ಕುಲವೂ ತಿಳಿಯುತ್ತದೆ ಎಂಬುದು ಅವರ ಎಣಿಕೆ. ಭಾಷಾವಿಜ್ಞಾನಿಯ ಪಾಲಿಗೆ ಇವು ಎರಡು ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಒಡ್ಡುವಂತಿಲ್ಲ. ಈ ಭೇದವನ್ನು ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆ ಮನೆತನದ ಅಡ್ಡಹೆಸರನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಹೆಸರನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಇಲ್ಲಿ ಮನೆತನ ಹೇಳುವ ಮೂಲ ರಾಜಸ್ಥಾನದ್ದು, ಹೆಸರಿನ ಭಾಷೆ ಮರಾಠಿ, ನೆಲೆ ನಿಂತ ನೆಲ ಕನ್ನಡದ್ದು. ಮೂರೂ ಬೇರೆ ಬೇರೆಯಾಗಿರುವಲ್ಲಿ ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಸುಲಭ.

ಪ್ರಶ್ನೆ ತರಗತಿಯೊಳಗೇ ಉಳಿಯುವಂಥದಲ್ಲ. ಘೋರ್ಪಡೆಯವರ ಮೂಲವನ್ನು ಹೇಳುವಾಗ ಭೋಸಲೆಯವರ ಮೂಲವನ್ನೂ ಹೇಳಬೇಕಾಗುತ್ತದೆ. ಭೋಸಲೆ ಎಂದೊಡನೆ ಶಿವಾಜಿ ಮಹಾರಾಜರ ಮೂಲದ ಚರ್ಚೆ, ಅದರ ಬೆನ್ನಿಗೆ ಎರಡು ರಾಜ್ಯಗಳ ಗಡಿಯ ಬಿಸಿ. ಇಂಥ ಕಡೆಗಳಲ್ಲಿ ‘ಭಾಷಾಶಾಸ್ತ್ರದ ಪ್ರಕಾರ’ ಎಂಬ ಮಾತು ತೀರ್ಪಿನ ಮುದ್ರೆಯಂತೆ ಬಳಕೆಯಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಭಾಷಾಶಾಸ್ತ್ರ ಎಲ್ಲಿಯವರೆಗೆ ಹೇಳಬಲ್ಲದು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನು ಭಾಷಾಶಾಸ್ತ್ರದವರೇ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

1. ಜರ್ಮನ್ ಅಡ್ಡಹೆಸರುಗಳ ಪಾಠ

ಅಡ್ಡಹೆಸರುಗಳ ಅಧ್ಯಯನ ಶಿಸ್ತಾಗಿ ಬೆಳೆದಿರುವ ಭಾಷೆಗಳಲ್ಲಿ ಜರ್ಮನ್ ಮುಖ್ಯವಾದುದು. ಅಮೆರಿಕೆಗೆ ವಲಸೆ ಹೋದ ಜರ್ಮನ್ ಕುಟುಂಬಗಳ ವಂಶಸ್ಥರು ತಮ್ಮ ಹಿರಿಯರ ಊರನ್ನು ಹುಡುಕುವಾಗ ಮೊದಲು ಹಿಡಿಯುವ ಎಳೆ ಅಡ್ಡಹೆಸರೇ. ಆ ಹುಡುಕಾಟದಿಂದ ನಮಗೆ ದೊರೆಯುವ ಎಚ್ಚರಿಕೆಗಳು ಒಂದೆರಡಲ್ಲ. ‘ಮ್ಯುಲ್ಲರ್’ ಎಂಬುದು ‘ಮಿಲ್ಲರ್’ ಆಗಿದೆ, ‘ಷ್ಮಿಟ್’ ಎಂಬುದು ‘ಸ್ಮಿತ್’ ಆಗಿದೆ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರನ್ನು ಮನಬಂದಂತೆ ಬದಲಿಸಿದರೆಂಬ ಕಥೆ ಪ್ರತಿ ಕುಟುಂಬದಲ್ಲಿಯೂ ಇದೆ. ಆದರೆ ಪ್ರಯಾಣಿಕರ ಪಟ್ಟಿಗಳು ತಯಾರಾಗುತ್ತಿದ್ದುದು ಹಡಗು ಹೊರಡುವ ಬಂದರಿನಲ್ಲಿ. ಅಧಿಕಾರಿಗಳು ಆ ಪಟ್ಟಿಯನ್ನು ನೋಡಿ ಗುರುತು ಹಾಕುತ್ತಿದ್ದರಷ್ಟೆ. ಹೆಸರು ಬದಲಾದುದು ಬಹುಮಟ್ಟಿಗೆ ಆಮೇಲೆ, ನೆರೆಹೊರೆಯ ಬಾಯಲ್ಲಿ, ಕೆಲಸದ ಜಾಗದಲ್ಲಿ, ಅನೇಕ ವೇಳೆ ಕುಟುಂಬದವರದೇ ಇಚ್ಛೆಯಿಂದ. ಅಂದರೆ ವಲಸೆಯ ಕಥೆಯಲ್ಲಿ ಹೆಸರಿಗೆ ಒಂದು ನಾಟಕೀಯ ಗಳಿಗೆಯನ್ನು ಕಲ್ಪಿಸಿಕೊಳ್ಳುವುದು ಮನುಷ್ಯರ ಸಾಮಾನ್ಯ ಒಲವು. ಮುಧೋಳದ ಕಥೆಗೆ ಬಂದಾಗ ಇದು ನೆನಪಿನಲ್ಲಿರಬೇಕು.

ಜರ್ಮನ್ ವಿದ್ವಾಂಸರು ಅಡ್ಡಹೆಸರುಗಳನ್ನು ಸಾಮಾನ್ಯವಾಗಿ ಐದು ಬಗೆಯಾಗಿ ವಿಂಗಡಿಸುತ್ತಾರೆ: ತಂದೆಯ ಅಥವಾ ಹಿರಿಯನ ಹೆಸರಿನಿಂದ ಬಂದವು, ಬಿಟ್ಟುಬಂದ ಊರಿನಿಂದ ಬಂದವು, ಊರೊಳಗಣ ವಾಸದ ಜಾಗದಿಂದ ಬಂದವು, ಕಸುಬಿನಿಂದ ಬಂದವು, ಮತ್ತು ಗುಣ, ರೂಪ, ಉಡುಪು, ಪ್ರಾಣಿ ಮೊದಲಾದವನ್ನು ಹಿಡಿದು ಜನ ಇಟ್ಟ ಅಡ್ಡಹೆಸರುಗಳು. ಕೊನ್ರಾಡ್ ಕುನ್ಸೆ ಮತ್ತು ಡಾಮಾರಿಸ್ ನ್ಯೂಬ್ಲಿಂಗ್ ಅವರ ಸಂಪಾದಕತ್ವದಲ್ಲಿ 2009ರಿಂದ ಪ್ರಕಟವಾದ ಜರ್ಮನ್ ಅಡ್ಡಹೆಸರುಗಳ ಭೂಪಟ ಸಂಪುಟಗಳು 2005ರ ದೂರವಾಣಿ ಸಂಪರ್ಕಗಳ ಮಾಹಿತಿಯನ್ನು ಆಧರಿಸಿ, ಯಾವ ರೂಪ ಯಾವ ಪ್ರದೇಶದಲ್ಲಿ ದಟ್ಟವಾಗಿದೆ ಎಂಬುದನ್ನು ತೋರಿಸಿದವು. ಅಲ್ಲಿ ಎದ್ದು ಕಾಣುವ ಸಂಗತಿ ಇದು: ಹೆಸರಿನ ಧ್ವನಿರೂಪವು ಹೆಸರು ಗಟ್ಟಿಯಾದ ಕಾಲದ, ಗಟ್ಟಿಯಾದ ಪ್ರದೇಶದ ಆಡುನುಡಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದಕ್ಕೂ ಹಿಂದೆ ಆ ಮನೆತನ ಎಲ್ಲಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ನಮಗೆ ಪರಿಚಿತವಾದ ಒಂದು ಹೆಸರನ್ನೇ ನೋಡಬಹುದು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದುದು ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ‘ಕಿಟೆಲ್’ ಎಂದರೆ ಮೇಲೆ ತೊಡುವ ಸಡಿಲ ನಿಲುವಂಗಿ. ಎಷ್ಟೋ ತಲೆಮಾರುಗಳ ಹಿಂದೆ ಅಂಥ ಅಂಗಿಯನ್ನು ಹೊಲಿಯುತ್ತಿದ್ದವನಿಗೋ ಸದಾ ತೊಡುತ್ತಿದ್ದವನಿಗೋ ಬಂದ ಹೆಸರು. ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುವ ಪದ್ಧತಿ ರೂಢಿಯಲ್ಲಿದ್ದು, ಸ್ಥಿರವಾದ ಅಡ್ಡಹೆಸರನ್ನು ಇಟ್ಟುಕೊಳ್ಳಬೇಕೆಂಬ ಆಜ್ಞೆ ಹೊರಟದ್ದು ನೆಪೋಲಿಯನ್ನನ ಆಡಳಿತದಲ್ಲಿ, 1811ರಲ್ಲಿ. ಉಡುಪಿನಿಂದ ಬಂದ ಹೆಸರು ಆ ಪದ್ಧತಿಯೊಳಗೆ ಹೊರಗಿನದಾಗಿಯೇ ಕಾಣುತ್ತದೆ. ಹೆಸರಿನಿಂದ ನಾವು ಇಷ್ಟನ್ನು ಊಹಿಸಬಹುದು. ನಿಘಂಟುಕಾರರ ಮುತ್ತಜ್ಜ ಯಾವ ಊರಿನವನು ಎಂಬುದನ್ನು ಚರ್ಚಿನ ದಾಖಲೆ ಹೇಳಬೇಕೇ ಹೊರತು ಅಂಗಿಯಲ್ಲ.

2. ಮುಧೋಳ ಸೀಮೆಯ ಹೆಸರುಗಳು

ಮೇಲಿನ ಐದು ಬಗೆಗಳೂ ನಮ್ಮ ಸೀಮೆಯಲ್ಲಿವೆ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ ಇವು ಕಸುಬಿನವು. ಗೌಡರ, ದೇಸಾಯಿ, ಕುಲಕರ್ಣಿ, ನಾಡಗೌಡ, ತಳವಾರ ಇವು ಊರಿನ, ನಾಡಿನ ಹುದ್ದೆಗಳಿಂದ ಬಂದವು. ವತನ ಇದ್ದ ಮನೆಗೆ ವತನದ ಹೆಸರು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಮುಂತಾದವುಗಳಲ್ಲಿ ವ್ಯಾಪಾರವೂ ಇರಬಹುದು, ಓಣಿಯ ಜನರ ಹಾಸ್ಯವೂ ಇರಬಹುದು. ಇವುಗಳ ವ್ಯಾಕರಣ ಸ್ವಾರಸ್ಯಕರವಾದುದು: ‘ಬೆಲ್ಲದ’, ‘ಹಡಪದ’ ಎಂಬಲ್ಲಿ ಷಷ್ಠಿ ವಿಭಕ್ತಿ ಉಳಿದು, ಅದರ ಮುಂದಿನ ‘ಮನೆ’ ಅಥವಾ ‘ಮನೆಯವರು’ ಎಂಬ ಪದ ಬಿದ್ದುಹೋಗಿದೆ.

ಊರ ಹೆಸರುಗಳ ವಿಷಯ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. ಕನ್ನಡದಲ್ಲಿ ಊರ ಹೆಸರು ಪ್ರತ್ಯಯವಿಲ್ಲದೆಯೇ ಅಡ್ಡಹೆಸರಾಗುತ್ತದೆ: ಜಮಖಂಡಿ, ತೇರದಾಳ, ಬೀಳಗಿ, ಬಾದಾಮಿ. ಮರಾಠಿಯಲ್ಲಿ ‘ಕರ್’ ಸೇರುತ್ತದೆ: ಮುಧೋಳಕರ, ಜಮಖಂಡಿಕರ. ಎರಡೂ ಕಡೆ ನಿಯಮವೊಂದೇ. ಜಮಖಂಡಿಯೊಳಗೆ ನೆರೆಮನೆಯವನನ್ನು ಯಾರೂ ‘ಜಮಖಂಡಿ’ ಎಂದು ಕರೆಯುವುದಿಲ್ಲ. ಊರು ಬಿಟ್ಟು ಬಂದವನಿಗೆ ಬಂದ ಊರಿನವರು ಇಡುವ ಹೆಸರು ಅದು. 1912ರಲ್ಲಿ ಬಂಕಿಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ರಘುನಾಥ ನರಸಿಂಹ ಮುಧೋಳಕರ ಹುಟ್ಟಿದುದು ಖಾನದೇಶದ ಧುಳೆಯಲ್ಲಿ, ಬಾಳಿದುದು ಅಮರಾವತಿಯಲ್ಲಿ. ಹೆಸರಿನಲ್ಲಿ ಮಾತ್ರ ಮುಧೋಳ. ಹಾಗೆಯೇ ಮಹಾರಾಷ್ಟ್ರದಲ್ಲಿರುವ ‘ಕಾನಡೆ’ ಎಂಬ ಅಡ್ಡಹೆಸರು ಕನ್ನಡ ನಾಡಿನಲ್ಲಿ ಹುಟ್ಟಲಾರದು. ಎಲ್ಲರೂ ಕನ್ನಡಿಗರಾಗಿರುವಲ್ಲಿ ಅದು ಯಾರನ್ನೂ ಗುರುತಿಸುವುದಿಲ್ಲ. ಜರ್ಮನಿಯಲ್ಲಿ ‘ಬಾಯರ್’ (ಬವೇರಿಯದವನು), ‘ಫ್ರಾಂಕ್’, ‘ಷ್ವಾಬ್’ ಎಂಬ ಹೆಸರುಗಳ ಸ್ಥಿತಿಯೂ ಇದೇ. ವಲಸೆಯನ್ನು ನಿಜವಾಗಿ ಸೂಚಿಸುವ ಅಡ್ಡಹೆಸರುಗಳೆಂದರೆ ಇವು. ಪ್ರಾಣಿಯ ಹೆಸರು ಈ ಗುಂಪಿಗೆ ಸೇರುವುದಿಲ್ಲ.

3. ಘೋರ್ಪಡೆ

ಮನೆತನದ ಪರಂಪರೆ ಹೇಳುವ ಕಥೆ ಪ್ರಸಿದ್ಧವಾದುದು. ಮೇವಾಡದ ಸಿಸೋದಿಯಾ ಕುಲದ ಸಜ್ಜನಸಿಂಹ ಎಂಬಾತ ದಖ್ಖನಿಗೆ ಬಂದು ಬಹಮನಿ ಅರಸರ ಸೇವೆಗೆ ಸೇರಿದ. ಅವನ ಸಂತತಿಯಲ್ಲಿ ಕರ್ಣಸಿಂಹ, ಅವನ ಮಗ ಭೀಮಸಿಂಹ. ಬಹಮನಿ ಮಂತ್ರಿ ಮಹಮೂದ್ ಗವಾನ ಕೊಂಕಣದ ದಂಡಯಾತ್ರೆಯಲ್ಲಿ ಖೇಳಣಾ ಕೋಟೆಯನ್ನು (ಇಂದಿನ ವಿಶಾಳಗಡ) ಮುತ್ತಿದಾಗ, ಉಡಗಳ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಹತ್ತಿಸಿ, ಆ ಹಗ್ಗದ ಆಸರೆಯಲ್ಲಿ ಇವರು ಮೇಲೇರಿದರು. ಕರ್ಣಸಿಂಹ ಮಡಿದ. ಭೀಮಸಿಂಹನಿಗೆ 1471ರಲ್ಲಿ ಸುಲ್ತಾನನಿಂದ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದೂ ಮುಧೋಳದ ಸುತ್ತಲಿನ 84 ಹಳ್ಳಿಗಳ ಜಹಗೀರೂ ದೊರೆತವು. ಕರ್ಣಸಿಂಹನ ತಮ್ಮನ ಕವಲು ಭೋಸಲೆಯಾಗಿಯೇ ಉಳಿಯಿತು, ಇದು ಘೋರ್ಪಡೆಯಾಯಿತು. ಮನೆತನದ ಪಾರ್ಸಿ ಫರ್ಮಾನುಗಳನ್ನು ಆಧರಿಸಿದ ಇತಿಹಾಸವನ್ನು ದ. ವಿ. ಆಪಟೆಯವರು 1934ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದರು. ಎಲ್ಲ ಫರ್ಮಾನುಗಳ ಪ್ರಾಮಾಣ್ಯದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆ ವಿವಾದದಲ್ಲಿ ನಾವು ಪ್ರವೇಶಿಸುವುದಿಲ್ಲ. ಅದು ಕಾಗದ, ಮುದ್ರೆ, ತಾರೀಖುಗಳನ್ನು ಬಲ್ಲವರ ಕೆಲಸ. ಪದದ ವಿಷಯಕ್ಕೆ ಬರೋಣ.

ಮರಾಠಿಯಲ್ಲಿ ‘ಘೋರಪಡ’ ಎಂದರೆ ಉಡ. ಕನ್ನಡದ ‘ಉಡ’, ತೆಲುಗಿನ ‘ಉಡುಮು’, ತಮಿಳು ಮಲಯಾಳಗಳ ‘ಉಡುಂಬು’ ಇವು ಒಂದೇ ದ್ರಾವಿಡ ಮೂಲದವು. ಮರಾಠಿ ಪದ ಈ ಗುಂಪಿನದಲ್ಲ. ಅದರ ಆದಿಯ ‘ಘೋ’ ಉತ್ತರದ ನಂಟನ್ನು ತೋರಿಸುತ್ತದೆ. ಸಂಸ್ಕೃತ ‘ಗೋಧಾ’, ಪ್ರಾಕೃತ ‘ಗೋಹಾ’, ಹಿಂದಿ ‘ಗೋಹ’, ಗುಜರಾತಿ ‘ಘೋ’. ಸ್ವರಗಳ ನಡುವಣ ಧಕಾರ ಹಕಾರವಾಗಿ, ಆ ಹಕಾರ ಮುಂದಕ್ಕೆ ಸರಿದು ಆದಿಯ ಗಕಾರದೊಡನೆ ಕೂಡಿ ಘಕಾರವಾಗಿದೆ. ಇದು ಇಂಡೋ–ಆರ್ಯನ್ ಭಾಷೆಗಳಲ್ಲಿ ಅಪರೂಪದ ಬದಲಾವಣೆಯಲ್ಲ. ‘ಗೃಹ’ ಎಂಬುದು ‘ಘರ’ ಆದುದೂ ‘ಮಹಿಷೀ’ ಎಂಬುದು ಮರಾಠಿಯಲ್ಲಿ ‘ಮ್ಹೈಸ’ ಆದುದೂ ಹೀಗೆಯೇ. ‘ಘೋ’ದ ನಂತರದ ರೇಫಕ್ಕೂ ಹಳೆಯ ಆಧಾರ ಇದ್ದೀತು. ಪಾಣಿನಿಯು ಅಪತ್ಯಾರ್ಥದ ಪ್ರತ್ಯಯಗಳನ್ನು ಹೇಳುವ ಭಾಗದಲ್ಲಿ (4.1.129–130) ಗೋಧೆಯ ಮರಿಗೆ ‘ಗೌಧೇರ’ ಎಂಬ ರೂಪವನ್ನೂ, ಉದೀಚ್ಯರ, ಎಂದರೆ ಉತ್ತರದವರ ಮತದಲ್ಲಿ ‘ಗೌಧಾರ’ ಎಂಬುದನ್ನೂ ಸಾಧಿಸುತ್ತಾನೆ. ಉಡದ ಸಂತತಿಗೆ ಪಾಣಿನಿಯ ವ್ಯಾಕರಣದಲ್ಲಿಯೇ ಅಪತ್ಯನಾಮ ಸಿದ್ಧವಾಗಿತ್ತೆಂಬುದು ಮುಧೋಳದವರಿಗೆ ಸಂತೋಷ ಕೊಡುವ ಸಂಗತಿ. ಆದರೆ ಅದು ಕೇವಲ ಸಂತೋಷದ ಮಾತು.

ಇನ್ನು ಕೊನೆಯ ‘ಎ’. ‘ಘೋರಪಡ’ ಮರಾಠಿಯಲ್ಲಿ ಸ್ತ್ರೀಲಿಂಗ. ಅದರ ಬಹುವಚನ ‘ಘೋರಪಡೀ’. ‘ಘೋರಪಡೇ’ ಎಂಬುದು ಪ್ರಾಣಿವಾಚಕದ ಬಹುವಚನ ಆಗಲಾರದು. ‘ಕಾಳಾ’ದಿಂದ ‘ಕಾಳೆ’, ‘ಗೋರಾ’ದಿಂದ ‘ಗೋರೆ’, ‘ಲಾಂಡಗಾ’ (ತೋಳ) ಎಂಬುದರಿಂದ ‘ಲಾಂಡಗೆ’, ‘ಕೋಲ್ಹಾ’ (ನರಿ) ಎಂಬುದರಿಂದ ‘ಕೋಲ್ಹೆ’ ಎಂಬ ಪುಲ್ಲಿಂಗದ ಗೌರವ ಬಹುವಚನಗಳು ಮರಾಠಿಯಲ್ಲಿ ಅಡ್ಡಹೆಸರುಗಳ ಅಚ್ಚಾಗಿ ನಿಂತಿವೆ. ಸ್ತ್ರೀಲಿಂಗದ ‘ಘೋರಪಡ’ವನ್ನು ಆ ಅಚ್ಚಿಗೆ ಹಾಕಿ ಎರೆದುದರ ಫಲ ‘ಘೋರಪಡೇ’. ಈ ರಚನೆ ನಡೆಯಬೇಕಾದರೆ ಆಡುವವರ ಬಾಯಲ್ಲಿ ಮರಾಠಿ ಇರಲೇಬೇಕು. ಬಿರುದನ್ನು ಕೊಟ್ಟವನು ಸುಲ್ತಾನನೇ ಆಗಿರಲಿ, ದರಬಾರಿನ ಭಾಷೆ ಪಾರ್ಸಿಯೇ ಆಗಿರಲಿ, ಹೆಸರನ್ನು ಕಟ್ಟಿದವರು ಮರಾಠಿ ಮಾತಾಡುತ್ತಿದ್ದ ಜನ. ಇದು ನಿಶ್ಚಯವಾಗಿ ಹೇಳಬಹುದಾದ ಮಾತು. ಪಾರ್ಸಿ ಬರವಣಿಗೆ ಈ ವಿಷಯದಲ್ಲಿ ಹೆಚ್ಚು ನೆರವಾಗದು. ಟ–ಡ ವರ್ಗದ ಮೂರ್ಧನ್ಯಗಳಿಗೆ ಆ ಲಿಪಿಯಲ್ಲಿ ಸಹಜವಾದ ಅಕ್ಷರಗಳಿಲ್ಲ.

ಹೆಸರು ಉಡದಿಂದ ಬಂದುದು ದಿಟವಾದರೆ ಕಥೆಯೂ ದಿಟವಾಗಬೇಕೆ? ಹಾಗೇನಿಲ್ಲ. ಉಡವನ್ನು ಗೋಡೆಗೆ ಹತ್ತಿಸಿದ ಕಥೆ ಇಲ್ಲಿಯದು ಮಾತ್ರವಲ್ಲ. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಹತ್ತಿದಾಗ ‘ಯಶವಂತಿ’ ಎಂಬ ಉಡ ಇತ್ತೆಂದು ಮರಾಠಿ ಪರಂಪರೆ ಹೇಳುತ್ತದೆ. ಅಂದರೆ ಇದು ಕೋಟೆ ಹತ್ತುವ ವೀರರಿಗೆ ಅಂಟುವ ಒಂದು ಸಂಚಾರಿ ಕಥೆ. ಹೆಸರಿಗೆ ಬೇರೆ ದಾರಿಗಳೂ ಇವೆ. ಮರಾಠಾ ಮನೆತನಗಳಲ್ಲಿ ‘ದೇವಕ’ ಎಂಬ ಕುಲಚಿಹ್ನೆ ಇದೆ. ಕನ್ನಡದ ಬೆಡಗು, ಬಳಿಗಳಲ್ಲಿ ಮರ, ಹಕ್ಕಿ, ಪ್ರಾಣಿಗಳು ಇರುವಂತೆ ಇಲ್ಲಿಯೂ ಉಡ ಚಿಹ್ನೆಯಾಗಿದ್ದಿರಬಹುದು. ಅಥವಾ ಅದಕ್ಕಿಂತ ಸರಳವಾಗಿ, ಹಿಡಿದುದನ್ನು ಬಿಡದ ಒಬ್ಬನಿಗೆ ಜನ ಇಟ್ಟ ಹೆಸರು ಆಗಿರಬಹುದು. ಕನ್ನಡದಲ್ಲಿ ‘ಉಡದ ಪಟ್ಟು’ ಎಂದರೆ ಅರ್ಥವಾಗದವರಿಲ್ಲ. ಲಾಂಡಗೆಯವರು, ಕೋಲ್ಹೆಯವರು ತೋಳ ನರಿಗಳಿಂದ ಯಾವ ಕೋಟೆಯನ್ನು ಗೆದ್ದರೆಂದು ನಾವು ಕೇಳುವುದಿಲ್ಲವಷ್ಟೆ. ಮೂರರಲ್ಲಿ ಕೊನೆಯದೇ ಹೆಚ್ಚು ಸಂಭವನೀಯವೆಂದು ನಮ್ಮ ಅಭಿಪ್ರಾಯ. ಹೆಸರು ಮೊದಲು, ಅದಕ್ಕೊಪ್ಪುವ ಕಥೆ ಆಮೇಲೆ ಎಂಬುದು ನಾಮವಿಜ್ಞಾನದಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ.

ಈ ಕ್ರಮಕ್ಕೆ ಮುಧೋಳದಲ್ಲಿಯೇ ಇನ್ನೊಂದು ನಿದರ್ಶನವಿದೆ. ಮರಾಠಿ ತಿಳಿಯದ ಕನ್ನಡದ ಕಿವಿಗೆ ಈ ಹೆಸರು ‘ಘೋರ ಪಡೆ’ ಎಂದು ಕೇಳುತ್ತದೆ, ಭಯಂಕರವಾದ ದಂಡು. ಡಕಾರ ಸಹ ಅಕ್ಷರಶಃ ಹೊಂದುತ್ತದೆ. ದಂಡಿನ ಮನೆತನಕ್ಕೆ ಇದಕ್ಕಿಂತ ಒಪ್ಪುವ ಅರ್ಥವೆಲ್ಲಿ? ಇಲ್ಲಿ ಉಡ ಪೂರ್ತಿಯಾಗಿ ಮಾಯವಾಗುತ್ತದೆ. ಜನನಿಷ್ಪತ್ತಿಯ ಇಷ್ಟು ನಿರ್ದುಷ್ಟವಾದ ಮಾದರಿ ಪಾಠಕ್ಕೆ ಸಿಗುವುದು ಅಪರೂಪ: ಧ್ವನಿ ಸರಿ, ಅರ್ಥ ಸರಿ, ಸಂದರ್ಭ ಸರಿ, ನಿಷ್ಪತ್ತಿ ಮಾತ್ರ ತಪ್ಪು. ಕನ್ನಡ–ಮರಾಠಿ ಎರಡೂ ಬಲ್ಲವನಿಗೆ ಮಾತ್ರ ಇದು ತಪ್ಪೆಂದು ಹೊಳೆಯುತ್ತದೆ ಎಂಬುದೇ ಅದರ ಪಾಠ.

ಊರ ಹೆಸರನ್ನೂ ಇಲ್ಲಿ ನೆನೆಯಬೇಕು. ಕವಿ ರನ್ನ 949ರಲ್ಲಿ ಹುಟ್ಟಿದ ಊರು ಹಳಗನ್ನಡದಲ್ಲಿ ‘ಮುದುವೊಳಲ್’. ಮುದು ಮತ್ತು ಪೊಳಲ್ ಸೇರಿ ಹಳೆಯ ಪಟ್ಟಣ. ಸಮಾಸದಲ್ಲಿ ಪಕಾರ ವಕಾರವಾಗಿದೆ. ಇಂದಿನ ‘ಮುಧೋಳ’ದಲ್ಲಿ ಧಕಾರ ಎಲ್ಲಿಂದ ಬಂತು? ಬಿಡಿಪದವಾಗಿ ‘ಪೊಳಲ್’ ನಡುಗನ್ನಡದಲ್ಲಿ ‘ಹೊಳಲು’ ಆಯಿತು. ಆ ಹೊಸ ರೂಪವನ್ನು ಜನ ಮತ್ತೆ ‘ಮುದು’ವಿಗೆ ಕೂಡಿಸಿದರೆ ‘ಮುದುಹೊಳಲು’. ನಡುವಣ ಉಕಾರ ಬಿದ್ದರೆ ದಕಾರ ಹಕಾರಗಳು ಒಂದಾಗಿ ಧಕಾರ. ನಮ್ಮ ಈ ಸೂಚನೆ ಸರಿಯಾದರೆ, ಮನೆತನದ ಹೆಸರಿನ ‘ಘ’ ಮತ್ತು ಊರ ಹೆಸರಿನ ‘ಧ’ ಎರಡೂ ಅಲೆದಾಡುವ ಒಂದು ಹಕಾರದಿಂದ ಹುಟ್ಟಿದವು. ಒಂದು ಪ್ರಾಕೃತದಲ್ಲಿ, ಇನ್ನೊಂದು ಕನ್ನಡದಲ್ಲಿ. ಊರಿನ ದಿನಬಳಕೆಯ ಮಾತಿನಲ್ಲಿ ಎರಡೂ ಮಹಾಪ್ರಾಣಗಳು ಸಡಿಲವಾಗಿ ‘ಗೋರ್ಪಡೆ’, ‘ಮುದೋಳ’ ಎಂದೇ ಕೇಳಿಬರುತ್ತವೆ. ಮಹಾಪ್ರಾಣ ಉಳಿದಿರುವುದು ಬರವಣಿಗೆಯಲ್ಲಿ.

4. ಎರಡು ವಲಸೆಗಳು, ಎರಡು ದಿಕ್ಕು

ಘೋರ್ಪಡೆಯವರು ಭೋಸಲೆಯವರ ಕವಲು ಎಂಬ ಪರಂಪರೆಯನ್ನು ಒಪ್ಪಿದರೆ, ಪೂರ್ವಜರ ಬಗ್ಗೆ ನಮ್ಮೆದುರು ಎರಡು ವಾದಗಳಿವೆ. ಒಂದು ಉತ್ತರದಿಂದ, ಚಿತ್ತೋಡದಿಂದ ಬಂದ ವಲಸೆ. 1674ರಲ್ಲಿ ರಾಯಗಡದಲ್ಲಿ ನಡೆದ ಶಿವಾಜಿಯ ಪಟ್ಟಾಭಿಷೇಕದಲ್ಲಿ ಗಾಗಾ ಭಟ್ಟರು ಮುಂದಿಟ್ಟ ವಂಶಾವಳಿಯೂ ಇದೇ ದಿಕ್ಕಿನದು. ಕ್ಷತ್ರಿಯತ್ವದ ಪ್ರಶ್ನೆ ಅಂದು ಪಟ್ಟದ ಪ್ರಶ್ನೆಯೂ ಆಗಿತ್ತು. ಇನ್ನೊಂದು ದಕ್ಷಿಣದಿಂದ ಹೋದ ವಲಸೆ. ಮರಾಠಿ ವಿದ್ವಾಂಸ ರಾ. ಚಿಂ. ಢೇರೆಯವರು ಶಿಖರ ಶಿಂಗಣಾಪುರದ ಶಂಭು ಮಹಾದೇವನನ್ನು ಕುರಿತ ತಮ್ಮ ಗ್ರಂಥದಲ್ಲಿ, ಭೋಸಲೆಯವರ ಪೂರ್ವಜರು ಗದಗಿನ ಪರಿಸರದಿಂದ ಸಾತಾರಾ ಭಾಗಕ್ಕೆ ಹೋದ ಹೊಯ್ಸಳ ಸಂಬಂಧಿಗಳು ಎಂದು ವಾದಿಸಿದರು. ಆ ವಾದದ ಒಂದು ಕಂಬ ‘ಹೊಯ್ಸಳ’ ಪದದಿಂದ ‘ಭೋಸಲೆ’ ಬಂದಿದೆ ಎಂಬ ನಿಷ್ಪತ್ತಿ. ಕನ್ನಡದ ವೇದಿಕೆಗಳಲ್ಲಿ ಬಹಳವಾಗಿ ಉಲ್ಲೇಖವಾಗುವುದು ಈ ಕಂಬವೇ.

ಕನ್ನಡಿಗರಾದ ನಮಗೆ ಈ ನಿಷ್ಪತ್ತಿ ಪ್ರಿಯವಾದುದು. ಆದುದರಿಂದಲೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಮೊದಲನೆಯದು ಆದಿವರ್ಣ. ಶಾಸನಗಳಲ್ಲಿ ಹಳೆಯದು ‘ಪೊಯ್ಸಳ’, ಈಚಿನದು ‘ಹೊಯ್ಸಳ’. ಮರಾಠಿ ಮೊದಲಿನದನ್ನು ಪಡೆದಿದ್ದರೆ ಪಕಾರ ಉಳಿಯಬೇಕು, ಎರಡನೆಯದನ್ನು ಪಡೆದಿದ್ದರೆ ಹಕಾರ. ‘ಹುಬ್ಬಳ್ಳಿ’ ಮರಾಠಿಯಲ್ಲಿ ‘ಹುಬಳೀ’ ಆಗಿದೆಯೇ ಹೊರತು ‘ಭುಬಳೀ’ ಆಗಿಲ್ಲ. ಭಕಾರಕ್ಕೆ ಘೋಷವೂ ಬೇಕು, ಮಹಾಪ್ರಾಣವೂ ಬೇಕು; ಎರಡೂ ಒಟ್ಟಿಗೆ ಒದಗುವ ಮೂಲ ಇಲ್ಲಿಲ್ಲ. ಎರಡನೆಯದು ಳಕಾರ. ಮರಾಠಿಯಲ್ಲಿ ಮೂರ್ಧನ್ಯ ಳಕಾರ ಸಮೃದ್ಧವಾಗಿದೆ. ಕನ್ನಡದ ‘ಬೆಳಗಾವಿ’, ‘ಹುಬ್ಬಳ್ಳಿ’ಗಳ ಳಕಾರವನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ಹಾಗಾದರೆ ನಿರೀಕ್ಷಿಸಬೇಕಾದ ರೂಪ *ಹೋಸಳೆ. ‘ಭೋಸಲೆ’ಯಲ್ಲಿರುವುದು ದಂತ್ಯ ಲಕಾರ. ಮೂರನೆಯದು ‘ಭೋಂಸಲೆ’ ಎಂಬ ಬಹುಪ್ರಚಲಿತ ಬರಹದ ಅನುನಾಸಿಕ. ಹೊಯ್ಸಳದಲ್ಲಿ ಅದಕ್ಕೆ ಎಡೆಯಿಲ್ಲ. ನಡುವಣ ಯಕಾರ ಲೋಪವಾಗುವುದೊಂದೇ ಸುಲಭವಾಗಿ ಒಪ್ಪಬಹುದಾದ ಮೆಟ್ಟಿಲು. ‘ಭೋಸೆ’ ಎಂಬ ಹೆಸರಿನ ಊರುಗಳು ಮಿರಜ, ಪಂಢರಪುರ ತಾಲೂಕುಗಳಲ್ಲಿ ಇರುವಾಗ, ಊರ ಹೆಸರಿನ ದಾರಿಯನ್ನು ಮೊದಲು ನೋಡದೆ ರಾಜವಂಶದ ದಾರಿಯನ್ನು ಹಿಡಿಯುವುದು ಕ್ರಮವಲ್ಲ.

ಹಾಗೆಂದ ಮಾತ್ರಕ್ಕೆ ಢೇರೆಯವರ ವಾದ ಬಿದ್ದುಹೋಯಿತೆ? ಅದೂ ಇಲ್ಲ. ನಿಷ್ಪತ್ತಿಯ ಕಂಬ ದುರ್ಬಲವೆಂದು ನಾವು ಹೇಳಬಲ್ಲೆವು. ಕುಲದೈವದ ಸಂಬಂಧ, ದೇವಸ್ಥಾನದ ಪರಂಪರೆ, ವಲಸೆಯ ಇತರ ಸಾಕ್ಷ್ಯ ಇವು ಬೇರೆ ಕಂಬಗಳು. ಅವನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ. ಗದಗಿನಿಂದ ಹೊರಟ ಮನೆತನವೊಂದು ಸಾತಾರಾದಲ್ಲಿ ಅಲ್ಲಿಯದೇ ಒಂದು ಊರಿನ ಹೆಸರನ್ನು ಪಡೆದುಕೊಳ್ಳಬಹುದು. ಹಾಗೆಯೇ ಚಿತ್ತೋಡದಿಂದ ಹೊರಟ ಮನೆತನವೊಂದು ದಖ್ಖನಿನಲ್ಲಿ ಉಡದ ಹೆಸರನ್ನು ಪಡೆದುಕೊಳ್ಳಬಹುದು. ‘ಘೋರ್ಪಡೆ’ ಮರಾಠಿ ಪದ ಎಂಬುದು ರಾಜಸ್ಥಾನದ ಮೂಲವನ್ನು ಅಲ್ಲಗಳೆಯುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ವ್ಯಕ್ತಿನಾಮಗಳನ್ನು ಗಮನಿಸಿದರೆ ಇನ್ನೊಂದು ಸಂಗತಿ ತೋರುತ್ತದೆ. ಕಥೆಯ ಹಿರಿಯರು ಸಜ್ಜನಸಿಂಹ, ಕರ್ಣಸಿಂಹ, ಭೀಮಸಿಂಹ. ಹದಿನೇಳನೆಯ ಶತಮಾನದ ದಾಖಲೆಗಳಲ್ಲಿ ಬರುವವರು ಬ್ಯಾಜಿ ಅಲ್ಲ ಭೈರೋಜಿ ಅಲ್ಲ, ಅಚ್ಚ ಮರಾಠಿಯ ಬಾಜಿ ಮತ್ತು ಮಾಲೋಜಿ. ಇಪ್ಪತ್ತನೆಯ ಶತಮಾನದ ಕೊನೆಯ ಅರಸರಲ್ಲಿ ಮತ್ತೆ ‘ಸಿಂಹ’: ಭೈರವಸಿಂಹರಾವ್. ವಂಶದ ನೆನಪು ಬಲಗೊಂಡಾಗ ಹೆಸರಿನ ಪ್ರತ್ಯಯವೂ ಹಿಂದಿರುಗುತ್ತದೆ. ಪ್ರತ್ಯಯವನ್ನು ನೆನಪಿನ ಸಾಕ್ಷಿಯಾಗಿ ಓದಬೇಕು, ರಕ್ತದ ಸಾಕ್ಷಿಯಾಗಿ ಅಲ್ಲ.

ಒಂದೇ ಕುಲವೆಂಬ ನೆನಪು ಕುಲದವರ ನಡವಳಿಕೆಯನ್ನು ಎಷ್ಟು ಕಟ್ಟಿಹಾಕಿತ್ತು ಎಂಬುದು ಬೇರೆ ಮಾತು. 1648ರಲ್ಲಿ ಜಿಂಜಿಯ ಬಳಿ ಶಹಾಜಿಯನ್ನು ಸೆರೆಹಿಡಿಯುವುದರಲ್ಲಿ ಮುಧೋಳದ ಬಾಜಿ ಘೋರ್ಪಡೆಯ ಕೈಯಿತ್ತು. 1664ರಲ್ಲಿ ಶಿವಾಜಿ ಮುಧೋಳದ ಮೇಲೆ ಬಿದ್ದು ಅವನನ್ನು ಕೊಂದ. 1677ರಲ್ಲಿ ಅವನ ಮಗ ಮಾಲೋಜಿಗೆ ಶಿವಾಜಿ ಬರೆದ ಪತ್ರ ಹಳೆಯ ವೈರವನ್ನು ಮರೆಯುವಂತೆ ಕೇಳುತ್ತದೆ.

5. ರಕ್ತವಿಲ್ಲದ ಹೆಸರು, ಹೆಸರಿಲ್ಲದ ರಕ್ತ

ಅಡ್ಡಹೆಸರು ಒಂದೇ ಆದವರೆಲ್ಲ ಒಂದೇ ಪೂರ್ವಜನ ಸಂತತಿ ಎಂಬ ಎಣಿಕೆಯನ್ನು ‘ಘೋರ್ಪಡೆ’ಯೇ ಮುರಿಯುತ್ತದೆ. ಸೇನಾಪತಿ ಸಂತಾಜಿಯ ಕಾಪಶಿ ಶಾಖೆ, ಗುತ್ತಿಯ ಮುರಾರಿರಾಯ, ಸಂಡೂರು, ಗಜೇಂದ್ರಗಡ ಇವೆಲ್ಲ ಮರಾಠಾ ಘೋರ್ಪಡೆಗಳ ಕವಲುಗಳು. ಇಚಲಕರಂಜಿಯ ಜಹಗೀರುದಾರರೂ ಘೋರ್ಪಡೆಗಳೇ. ಆದರೆ ಇವರು ಕೊಂಕಣಸ್ಥ ಬ್ರಾಹ್ಮಣರು. ಮೂಲದ ಅಡ್ಡಹೆಸರು ಜೋಶಿ. ಮನೆತನದ ಸ್ಥಾಪಕ ನಾರೋ ಮಹಾದೇವ ಜೋಶಿ ಸಂತಾಜಿಯ ಆಶ್ರಯದಲ್ಲಿ ಏಳಿಗೆ ಹೊಂದಿ, ಒಡೆಯನ ಮೇಲಿನ ಕೃತಜ್ಞತೆಯಿಂದ ಒಡೆಯನ ಅಡ್ಡಹೆಸರನ್ನೇ ತನ್ನದಾಗಿಸಿಕೊಂಡ. ಈ ಒಂದು ಸಂಗತಿಗೆ ದಾಖಲೆ ಇಲ್ಲದೆ ಹೋಗಿದ್ದರೆ, ಹೆಸರನ್ನಷ್ಟೇ ನೋಡುವ ಸಂಶೋಧಕ ಇಚಲಕರಂಜಿಯವರನ್ನೂ ಖೇಳಣಾ ಕೋಟೆಯ ಗೋಡೆ ಹತ್ತಿಸುತ್ತಿದ್ದ. ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ ಹೊಲಮನೆಗೆ ಅಳಿಯನಾಗಿ ಬಂದವನು ಆ ಹೊಲಮನೆಯ ಹೆಸರನ್ನು ತಾಳುತ್ತಿದ್ದ ಪದ್ಧತಿ ಇದನ್ನು ಹೋಲುತ್ತದೆ. ನಮ್ಮಲ್ಲಿ ದತ್ತಕ ಹೋದ ಮಗನೂ, ಕೆಲವು ಕಡೆ ಮನೆಅಳಿಯನೂ ವತನದ ಜೊತೆಗೆ ಹೆಸರನ್ನು ಪಡೆಯುತ್ತಾರೆ. ಹೆಸರು ಇಂಥಲ್ಲಿ ಆಸ್ತಿಯ ಹಿಂದೆ ಹೋಗುತ್ತದೆ.

ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಕನ್ನಡ ನಾಡಿನಲ್ಲಿದೆ, ಅದೂ ಜರ್ಮನ್ ಪೂರ್ವಜರ ವಿಷಯದಲ್ಲಿಯೇ. ಬಾಸೆಲ್ ಮಿಶನ್ನಿನ ಕೇಂದ್ರಗಳು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಮುಧೋಳಕ್ಕೆ ಹೆಚ್ಚು ದೂರವಲ್ಲದ ಗುಳೇದಗುಡ್ಡದಲ್ಲಿಯೂ ಇದ್ದವು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಹೆರ್ಮನ್ ಮೋಗ್ಲಿಂಗನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದರು. ಬಾಸೆಲ್ಲಿನಲ್ಲಿ ಓದಿ ಬಂದು, 1860ರಲ್ಲಿ ಜರ್ಮನ್ ಮಹಿಳೆ ಮಾರಿ ರೈನ್‌ಹಾರ್ಟ್‌ರನ್ನು ಮದುವೆಯಾದರು. ಕೌಂಡಿನ್ಯ ಎಂಬುದು ಋಷಿಗೋತ್ರದ ಹೆಸರು. ಈ ದಂಪತಿಗಳ ಮಕ್ಕಳ ಅರ್ಧ ಹಿರಿತನ ಜರ್ಮನಿಯದು. ಅಡ್ಡಹೆಸರು ಮಾತ್ರ ಪೂರ್ತಿಯಾಗಿ ವೈದಿಕ. ಮುಂದೆಂದೋ ಯಾರಾದರೂ ಆ ಅಡ್ಡಹೆಸರಿನ ಧ್ವನಿಗಳನ್ನು ಎಷ್ಟು ಸೂಕ್ಷ್ಮವಾಗಿ ವಿಶ್ಲೇಷಿಸಿದರೂ ರೈನ್‌ಹಾರ್ಟ್ ಮನೆತನ ಹೊರಗೆ ಬಾರದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ವ್ಯಕ್ತಿಗೆ 1,024 ಪೂರ್ವಜ ಸ್ಥಾನಗಳಿವೆ. ತಂದೆಯಿಂದ ಬರುವ ಅಡ್ಡಹೆಸರು ಅವುಗಳಲ್ಲಿ ಒಂದನ್ನು ಹಿಡಿದು ಉಳಿದ 1,023ರ ಬಗ್ಗೆ ಮೌನವಾಗಿರುತ್ತದೆ. ಆ ಮೌನದ ಬಹುಪಾಲು ಹೆಣ್ಣುಮಕ್ಕಳದು. ಅವರು ಹುಟ್ಟಿದ ಮನೆಯ ಹೆಸರನ್ನು ಮದುವೆಯ ದಿನ ಬಿಟ್ಟವರು.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಅಡ್ಡಹೆಸರುಗಳನ್ನು ಸಂಗ್ರಹಿಸುವಾಗ ಎರಡು ಪ್ರತ್ಯೇಕ ಹಾಳೆಗಳನ್ನು ಇಡಲು ಹೇಳುತ್ತಿದ್ದೇವೆ. ಒಂದರಲ್ಲಿ ಹೆಸರು: ಮನೆಯವರು ಆಡುವ ರೂಪ, ಓಣಿಯವರು ಆಡುವ ರೂಪ, ಶಾಲೆಯ ದಾಖಲೆಯ ಬರಹ, ಹೊಲದ ಉತಾರದ ಬರಹ, ಅದೇ ಹೆಸರು ಬೇರೆ ಯಾವ ಜಾತಿಗಳಲ್ಲಿ ಯಾವ ಊರುಗಳಲ್ಲಿ ಇದೆ ಎಂಬುದು. ಇನ್ನೊಂದರಲ್ಲಿ ಮನೆತನ: ಬೆಡಗು ಅಥವಾ ದೇವಕ, ಕುಲದೈವ ಇರುವ ಊರು, ಜಾತ್ರೆಗೆ ಹೋಗುವ ದಾರಿ, ದತ್ತಕ, ವತನ, ಅಜ್ಜಿಯರ ತವರುಮನೆಗಳು. ಅಜ್ಜಿಯರ ತವರಿನ ಸಾಲನ್ನು ತುಂಬುವಾಗ ಮನೆಯ ಗಂಡಸರು ಬಹಳ ಸಲ ಒಳಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತದೆ. ಎರಡೂ ಹಾಳೆಗಳು ತುಂಬುವವರೆಗೆ ಬಾಣದ ಗುರುತು ಹಾಕಿ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯಬಾರದೆಂಬುದು ನಮ್ಮ ಷರತ್ತು.